ಚಂದ್ರಾಮಪ್ಪನ ಮೋಟಾರಿನ ಬಾಣಂತನ

ಚಿತ್ತಾಪುರದ ಚಂದ್ರಾಮಪ್ಪ ಶಾವಕಾರನಿಗೆ ಮೋಟಾರು ಯಾಕೆ ಬೇಕಾಗಿತ್ತು ಎಂದು ಯಾರೂ ಕೇಳಬಾರದು. ಕೇಳಿದವರಿಗೆ ಸಿಕ್ಕಿದ್ದು ಉತ್ತರವಲ್ಲ, ಬೈಗುಳ. ಅವನ ಫರಸಿ ಕಲ್ಲಿನ ಖಣಿ ಮನೆಯಿಂದ ಒಂದು ಎಲೆ ಅಡಿಕೆ ಬಾಯಲ್ಲಿ ಕರಗುವಷ್ಟು ದೂರ. ಹೊಲ ಅದಕ್ಕಿಂತ ತುಸು ಆಚೆ. ವಾಡಿಗೆ, ಶಹಾಬಾದಿಗೆ ಹೋಗಲು ರೈಲು ಇತ್ತು. ಮಿಕ್ಕ ಊರುಗಳ ರಸ್ತೆಯಲ್ಲಿ ಎತ್ತಿನ ಬಂಡಿಯೇ ಅಚ್ಚು ಮುರಿದುಕೊಂಡು ಮಲಗುತ್ತಿತ್ತು. ಆದರೆ ಅದು ಜಹಗೀರುಗಳು ಹೋಗಿ, ಜಹಗೀರದಾರರು ಮನೆಯ ಸಾಮಾನು ಮಾರಿ ಹೈದರಾಬಾದಿನ ದಾರಿ ಹಿಡಿದಿದ್ದ ಕಾಲ. ಕೆಲವರು ಅವರ ಪಲ್ಲಂಗ ಕೊಂಡರು, ಕೆಲವರು ಗಡಿಯಾರ ಕೊಂಡರು. ಕಾಳಗಿಯ ತೊಗರಿ ವ್ಯಾಪಾರಿಯೊಬ್ಬ ಕುದುರೆ ಇಲ್ಲದ ಟಾಂಗಾ ಕೊಂಡ. ಚಂದ್ರಾಮಪ್ಪ ಅವನಿಗಿಂತ ಕಡಿಮೆಯವನೇ? ಹಸಿರು ಬಣ್ಣದ ಮೋಟಾರನ್ನೇ ಕೊಂಡ.

ಜಹಗೀರದಾರರ ಡ್ರೈವರು ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದ. ಮೂತಿಯ ಕೆಳಗೆ ಹ್ಯಾಂಡಲ್ ತೂರಿಸಿ ತಿರುಗಿಸುವುದನ್ನು ತೋರಿಸಿದ, ಸಲಾಮು ಹೊಡೆದ, ಸಂಜೆಯ ರೈಲು ಹತ್ತಿದ. ಬೇರೆ ಏನನ್ನೂ ತೋರಿಸಲಿಲ್ಲ. ಚಂದ್ರಾಮಪ್ಪನೂ ಕೇಳಲಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲ ಎಂದು ಜಗತ್ತಿಗೆ ಗೊತ್ತಾಗುತ್ತದಲ್ಲ!

ಮೋಟಾರಿಗೆ ಮನೆ ಬೇಕು. ಹಿತ್ತಲಿನಲ್ಲಿ ಎಮ್ಮೆಯ ಕೊಟ್ಟಿಗೆ ಇತ್ತು. ಎಮ್ಮೆಯನ್ನು ಬೇವಿನ ಮರಕ್ಕೆ ಕಟ್ಟಿ, ಕೊಟ್ಟಿಗೆಗೆ ಸುಣ್ಣ ಹೊಡೆಸಿ, ದೊಡ್ಡ ಬಾಗಿಲು ಕೂಡಿಸಿ, ಅದಕ್ಕೆ ಮೋಟಾರಖಾನೆ ಎಂದು ಹೆಸರಿಟ್ಟ.

"ಥಂಡಿ ದಿನದಾಗ ಹಾಲು ಕೊಡೂ ಜೀವಾ ಹೊರಗ ಹಾಕಿ, ತಗಡು ಒಳಗ ಇಟ್ಟೀರಿ," ಎಂದಳು ಹೆಂಡತಿ ಗುರುಲಿಂಗಮ್ಮ. "ನಾ ಮಾತ್ರ ಆ ಹೊಸ್ತಲಾ ತುಳಿಯಂಗಿಲ್ಲ ನೋಡ್ರಿ."

"ತುಳೀಬ್ಯಾಡ. ಎಳ್ಳಮಾಸಿ ದಿನ ಇದರಾಗ ಕುಂತು ಹೊಲಕ್ಕ ಹೋಗೂಮುಂದ ನಿನಗ ತಿಳೀತದ, ನಿನ್ನ ಗಂಡ ಎಂಥಾಂವ ಅಂತ."

ಇದೇ ಮಾತನ್ನು ಅವನು ಕಟ್ಟೆಯ ಮೇಲೆ ಹೇಳಿದ, ಕ್ಷೌರದ ಅಂಗಡಿಯಲ್ಲಿ ಹೇಳಿದ, ಖಣಿಯಲ್ಲಿ ಕಲ್ಲು ಒಡೆಯುವವರನ್ನು ನಿಲ್ಲಿಸಿ ಹೇಳಿದ. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ; ಅಂದು ಊರಿನವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಬೆರೆಸಿದ ಭಜ್ಜಿ ಪಲ್ಯ ಉಣ್ಣುತ್ತಾರೆ. ಆ ದಿನ ಎಲ್ಲರ ಬಂಡಿಯ ಹಿಂದಿನಿಂದ ಹಾರ್ನ್ ಹೊಡೆಯಬೇಕು, ಎಲ್ಲರೂ ದಾರಿ ಬಿಡಬೇಕು. ಅವನ ಆಸೆ ಇಷ್ಟೇ. ತೀರ ಸಣ್ಣ ಆಸೆ.

ಮರುದಿನ ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿದ. ಮೋಟಾರು ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದ. ಕೆಮ್ಮೂ ನಿಂತಿತು. ಬೆವರು ಇಳಿದು ಧೋತರ ಒದ್ದೆಯಾಗುವವರೆಗೆ ತಿರುಗಿಸಿದ. ಆಮೇಲೆ ಸದ್ದಿಲ್ಲದೆ ದೊಡ್ಡ ಬಾಗಿಲು ಮುಚ್ಚಿದ. ಕೊಂಡ ಮರುದಿನವೇ ಮೋಟಾರು ಕೆಟ್ಟಿತು ಎಂದು ಊರಿಗೆ ತಿಳಿದರೆ ಕಾಳಗಿಯವರೆಗೂ ನಗು ಕೇಳಿಸುತ್ತಿತ್ತು. ಹೆಂಡತಿಗೆ ತಿಳಿದರೆ? ಬೇಡ, ಅದನ್ನು ಅವನು ಯೋಚಿಸಲೂ ಇಲ್ಲ.

ಯಾರಿಗೂ ಹೇಳದೆ ವಾಡಿಗೆ ಹೋಗಿ ಚಾಂದ್‌ನನ್ನು ಕರೆತಂದ. ಚಾಂದ್ ರೈಲ್ವೆಯ ಇಂಜಿನ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಇಂಜಿನ್ ಎಂದ ಮೇಲೆ ಇಂಜಿನ್ನೇ, ಅದರಲ್ಲಿ ಎರಡು ಜಾತಿ ಇವೆ ಎಂದು ಚಂದ್ರಾಮಪ್ಪನಿಗೆ ಯಾರು ಹೇಳಬೇಕು? ಚಾಂದ್‌ಗೂ ಯಾರೂ ಹೇಳಿರಲಿಲ್ಲ. ಅವನು ಮೋಟಾರನ್ನು ಸುತ್ತು ಹಾಕಿದ, ಮೂತಿ ಎತ್ತಿ ನೋಡಿದ, ಹಿಂದೆ ಬಗ್ಗಿ ನೋಡಿದ, ಕೊನೆಗೆ ಗಂಭೀರವಾಗಿ ಕೇಳಿದ:

"ಶಾವಕಾರ್ರೆ, ಇದರಾಗ ಇದ್ದಲಿ ಹಾಕೂ ಬಾಯಿ ಎಲ್ಲದ?"

"ನನಗ ಕೇಳ್ತಿಯೇನೋ? ನೀ ಇಂಜಿನದಾಂವ!"

"ಇದು ನವಾಬರ ಮಾಲು, ನಾಜೂಕು. ಬಾಯಿ ಒಳಗ ಮುಚ್ಚಿಟ್ಟಾರ. ಇರ್ಲಿ ಬಿಡ್ರಿ. ನಮ್ಮ ಶೆಡ್ಡಿನಾಗ ಇಂಜಿನ್ ಎಂದೂ ಥಂಡಾ ಆಗಾಕ ಬಿಡಂಗಿಲ್ಲ. ನಿಂತಾಗೂ ಒಳಗ ಬೆಂಕಿ ಇರಬೇಕು. ಒಮ್ಮಿ ಥಂಡಾ ಆತು ಅಂದ್ರ ಮತ್ತ ಗರಮ್ ಆಗಾಕ ಭಾಳ ಹೊತ್ತು ಹಿಡೀತದ. ನೀವು ತೆಳಗ ಬೆಂಕಿ ಇಡ್ರಿ, ಗಾಳಿ ಆಡಲಾರದಂಗ ಮುಚ್ರಿ. ಎಳ್ಳಮಾಸಿಗಿ ಹಕ್ಕಿಹಂಗ ಹಾರ್ತದ."

ಇಷ್ಟು ಹೇಳಿ, ಊಟ ಮಾಡಿ, ತೇಗಿ, ಚಾಂದ್ ವಾಡಿಗೆ ಹೋದ. ಟಾಕಿಯಲ್ಲಿ ಪೆಟ್ರೋಲು ಮುಗಿದಿದೆ ಎಂಬ ಮಾತು ಅವನ ಬಾಯಿಗೂ ಬರಲಿಲ್ಲ, ಶಾವಕಾರನ ತಲೆಗೂ ಹೊಳೆಯಲಿಲ್ಲ. ಒಳ್ಳೆಯದೇ ಆಯಿತು. ಟಾಕಿ ತುಂಬಿದ್ದು ಕೆಳಗೆ ಬೆಂಕಿ ಇಟ್ಟಿದ್ದರೆ ಈ ಕಥೆಗೆ ಚಂದ್ರಾಮಪ್ಪ ಬೇಕಾಗುತ್ತಿರಲಿಲ್ಲ, ಅವನ ತಿಥಿ ಸಾಕಾಗುತ್ತಿತ್ತು.

ಈಗ ಬೆಂಕಿ ಇಡಲು ಶೇಗಡಿ ಬೇಕು. ಕಬ್ಬಿಣದ ಬುಟ್ಟಿಯಂಥ ಶೇಗಡಿ. ಒಳಗೆ ಕೆಂಡ ತುಂಬಿ ಬಾಣಂತಿಯ ಹೊರಸಿನ ಕೆಳಗೆ ಸರಿಸುತ್ತಾರೆ. ಚಂದ್ರಾಮಪ್ಪನ ಮನೆಯ ಶೇಗಡಿಯನ್ನು ಗುರುಲಿಂಗಮ್ಮ ಸೇಡಂನ ಮಗಳ ಬಾಣಂತನಕ್ಕೆ ಒಯ್ದವಳು ಅಲ್ಲೇ ಬಿಟ್ಟು ಬಂದಿದ್ದಳು. ಊರಲ್ಲಿ ಎತ್ತಿಕೊಂಡು ಹೋಗಬಹುದಾದ ಒಳ್ಳೆಯ ಶೇಗಡಿ ಇದ್ದದ್ದು ಒಬ್ಬಳ ಹತ್ತಿರ. ಅವಳು ಹಸೀನಾಬೇಗಂ, ಊರಿನ ಸೂಲಗಿತ್ತಿ. ಅವಳ ಶೇಗಡಿ ಒಂದು ಮನೆಗೆ ಹೋಯಿತು ಎಂದರೆ ಆ ಮನೆಯಲ್ಲಿ ಕೂಸು ಅಳುತ್ತಿದೆ ಎಂದೇ ಅರ್ಥ. ಇದನ್ನು ಊರಿನ ನಾಯಿಗಳೂ ಬಲ್ಲವು. ಚಂದ್ರಾಮಪ್ಪನಿಗೆ ಮಾತ್ರ ಆ ಹೊತ್ತಿನಲ್ಲಿ ಮೋಟಾರೊಂದೇ ಕಾಣುತ್ತಿತ್ತು.

"ಖಾಲಾ, ಶೇಗಡಿ ಬೇಕಾಗ್ಯದ."

"ಯಾರಿಗಿ?" ಹಸೀನಾಬೇಗಂ ಕನ್ನಡಕದ ಮೇಲಿನಿಂದ ನೋಡಿದಳು. "ನಿಮ್ಮ ಹುಡುಗ್ಯಾರು ಇಬ್ಬರೂ ಗಂಡನ ಮನ್ಯಾಗ ಅದಾರಲ್ಲ?"

"ಯಾರಿಗರೆ ಇರ್ಲಿ. ಯಾರ ಮುಂದೂ ಹೇಳಬ್ಯಾಡ ನೋಡು. ಗುರುಲಿಂಗಮ್ಮನ ಮುಂದಂತೂ ಹೇಳಲೇಬ್ಯಾಡ."

ಹಸೀನಾಬೇಗಂ ಶೇಗಡಿಯ ಜೊತೆಗೆ ಎಂದಿನಂತೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನದ ಪೊಟ್ಟಣಗಳನ್ನೂ ಕಟ್ಟಿಕೊಟ್ಟಳು. ಕೊಟ್ಟ ಮೇಲೆ ಹಾಕಲೇಬೇಕಲ್ಲ! ಚಂದ್ರಾಮಪ್ಪ ಮೋಟಾರಿನ ಕೆಳಗೆ ಕೆಂಡ ಸರಿಸಿ ಅಜವಾನ ಉದುರಿಸಿದ, ಸಿಪ್ಪೆ ಉದುರಿಸಿದ, ಲೋಬಾನ ಹಾಕಿದ. ಬಾಗಿಲ ಸಂದಿಗಳಿಗೆ ಚಿಂದಿ ತುರುಕಿದ. ಮೂತಿಗೆ ಗಾಳಿ ತಾಗಬಾರದೆಂದು ಟ್ರಂಕಿನಿಂದ ಹೆಂಡತಿಯ ತವರಿನ ಕೌದಿ ತಂದು ಹೊದಿಸಿ, ಮೇಲೊಂದು ರುಮಾಲು ಬಿಗಿದು ಕಟ್ಟಿದ. ಅವನು ಎರಡು ಹೆಣ್ಣುಮಕ್ಕಳ ತಂದೆ. ಬೆಚ್ಚಗೆ ಇಡುವುದು ಎಂದರೆ ಹೇಗೆ ಎಂದು ಅವನಿಗೆ ಗೊತ್ತಿದ್ದದ್ದು ಇದೊಂದೇ ರೀತಿ.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಅಮೃತಮ್ಮ ಅಂಗಳಕ್ಕೆ ಸಾರಣೆ ಮಾಡುತ್ತಿದ್ದವಳು ಮೂಗು ಎತ್ತಿದಳು. ಅಮೃತಮ್ಮನ ಮೂಗು ಸರ್ಕಾರಕ್ಕೆ ಸಿಕ್ಕಿದ್ದರೆ ಗುಪ್ತ ಪೊಲೀಸರ ಸಂಬಳ ಉಳಿಯುತ್ತಿತ್ತು. ಅಜವಾನ! ಬೆಳ್ಳುಳ್ಳಿ ಸಿಪ್ಪೆ! ಲೋಬಾನ! ಅದೂ ಮೋಟಾರಖಾನೆಯಿಂದ! ಬಾಗಿಲು ಮುಚ್ಚಿದೆ, ಸಂದಿಯಲ್ಲಿ ಚಿಂದಿ ಇದೆ, ಶಾವಕಾರ ಕಳ್ಳನ ಹಾಗೆ ಮೊರದಲ್ಲಿ ಇದ್ದಲಿ ಹೊತ್ತು ಒಳಗೆ ಹೋಗುತ್ತಾನೆ, ಮಸಿ ಮುಖ ಮಾಡಿಕೊಂಡು ಹೊರಗೆ ಬರುತ್ತಾನೆ. ಅಮೃತಮ್ಮ ಸಾರಣೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಹಸೀನಾಬೇಗಂಳ ಮನೆಗೆ ಓಡಿದಳು. ಯಾರ ಮುಂದೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡೇ ಹಸೀನಾಬೇಗಂ ಎಲ್ಲವನ್ನೂ ಹೇಳಿದಳು. ಅದೇ ಆಣೆಯ ಮೇಲೆ ಮಧ್ಯಾಹ್ನದೊಳಗೆ ಇಡೀ ಓಣಿಗೆ ತಿಳಿಯಿತು: ಗಂಡುಮಗನಿಗಾಗಿ ಶಾವಕಾರ ಎರಡನೆಯವಳನ್ನು ಮಾಡಿಕೊಂಡಿದ್ದಾನೆ, ಅವಳು ಹಡೆದಿದ್ದಾಳೆ, ಮೋಟಾರಖಾನೆಯಲ್ಲಿ ಇದ್ದಾಳೆ. ಮೋಟಾರು ಕೊಂಡದ್ದೇ ಅವಳನ್ನು ಮುಚ್ಚಿ ತರುವುದಕ್ಕೆ! ಇಲ್ಲದಿದ್ದರೆ ಅವನಿಗೆ ಮೋಟಾರು ಯಾಕೆ ಬೇಕಿತ್ತು? ಅಷ್ಟು ದಿನ ಯಾರಿಗೂ ಸಿಗದಿದ್ದ ಉತ್ತರ ಕೊನೆಗೂ ಸಿಕ್ಕಿತು.

ಮೊದಲು ಬಂದವರು ಮಡಿವಾಳಯ್ಯನವರು. ಓಣಿಯ ಕೂಸುಗಳಿಗೆಲ್ಲ ಲಿಂಗ ಕಟ್ಟುವ ಅಯ್ಯನವರು. ಕರೆ ಬರಲಿಲ್ಲ ಎಂದು ಅವರಿಗೆ ಸಿಟ್ಟು ಬಂದಿತ್ತು.

"ಶಾವಕಾರ್ರೆ, ಮುಚ್ಚಿಟ್ರ ಮುಚ್ತದೇನ್ರಿ? ಎಲ್ಲಾರಿಗೂ ಗೊತ್ತಾಗ್ಯದ."

ಚಂದ್ರಾಮಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮೋಟಾರು ಕೆಟ್ಟದ್ದು ಊರಿಗೆ ಗೊತ್ತಾಗಿಹೋಯಿತು!

"ಅಯ್ನೋರೆ, ನಿಮ್ಮ ಕಾಲ ಹಿಡೀತೀನಿ, ಎಳ್ಳಮಾಸಿತನಕ ಸುಮ್ಮನಿರ್ರಿ. ಅಂದು ನಾನೇ ಹೊರಗ ತರ್ತೀನಿ."

"ಅಲ್ಲೀತನಕ ಸಂಸ್ಕಾರ ಇಲ್ಲದ ಹಂಗೇ ಇಡ್ತೀರೇನು? ಈಭೂತಿನರೆ ಹಚ್ಚತೀನಿ, ಬಾಗಿಲಾ ತೆಗೀರಿ."

"ಬ್ಯಾಡ್ರಿ! ಗಾಳಿ ಹೋದ್ರ ಎಲ್ಲಾ ಹಾಳಾಗ್ತದ!"

ಅಯ್ಯನವರು ಹಲ್ಲು ಕಚ್ಚಿಕೊಂಡು ಹೋದರು. ಅವರ ಹಿಂದೆಯೇ ಸರ್ಕಾರ ಬಂತು. ಸರ್ಕಾರ ಎಂದರೆ ಹಣಮಪ್ಪ, ಕೂಸುಗಳಿಗೆ ಸಿಡುಬಿನ ಚುಚ್ಚುಮದ್ದು ಹಾಕುವ ನೌಕರ. ಅವನು ಬಂದರೆ ತಾಯಂದಿರು ಕೂಸು ಎತ್ತಿಕೊಂಡು ಹಿತ್ತಲಲ್ಲಿ ಅಡಗುತ್ತಿದ್ದರು. ಹಾಗಾಗಿ ಮುಚ್ಚಿದ ಬಾಗಿಲು ಕಂಡರೆ ಅವನಿಗೆ ಎಲ್ಲಿಲ್ಲದ ಹುರುಪು.

"ಶಾವಕಾರ್ರೆ, ಹೊಸ ಸರ್ಕಾರ್ ಅದ. ಯಾರನ್ನೂ ಬಿಡಂಗಿಲ್ಲ. ಒಳಗಿರೂದಕ್ಕ ಚುಚ್ಚಲಿಕ್ಕೇ ಬೇಕು."

"ಚುಚ್ತಿಯಾ? ಎಲ್ಲಿ ಚುಚ್ತಿ? ಗಾಲಿಗೇನು? ಕೈ ಮುರೀತೀನಿ ಮಗನ!" ಎಂದು ಚಂದ್ರಾಮಪ್ಪ ಇದ್ದಲಿಯ ಮೊರ ಎತ್ತಿದ.

ಬಾಣಂತಿಯ ಮೇಲೆ ಇಷ್ಟು ಪ್ರೀತಿ ಇರುವ ಗಂಡಸನ್ನು ಹಣಮಪ್ಪ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಹಾಗೆಂದು ಮುಂದಿನ ಓಣಿಯಲ್ಲಿ ಹೇಳಿದ.

ಗುರುಲಿಂಗಮ್ಮನಿಗೆ ತಿಳಿಸುವ ಪುಣ್ಯವನ್ನು ಅಮೃತಮ್ಮ ಬೇರೆ ಯಾರಿಗೂ ಬಿಡಲಿಲ್ಲ. ಸೆರಗಿನಿಂದ ಕಣ್ಣು ಒರೆಸುತ್ತ ಬಂದಳು. ಕಣ್ಣು ಒಣಗಿತ್ತು, ಒರೆಸುವುದು ಮಾತ್ರ ಜೋರಾಗಿತ್ತು.

"ನೀ ಧೈರ್ಯ ತಗೋ ಯಕ್ಕಾ. ಸವತಿ ಬಂದ್ರೇನಾತು, ಮನಿ ಕೀಲಿಕೈ ನಿನ್ನ ಹಂತ್ಯಾಕ ಇರ್ಲಿ."

"ಯಾರ ಸವತಿ? ಬಾಯಾಗ ಹುಳಾ ಬಿದ್ದಾವೇನ?"

"ನನಗ್ಯಾಕ ಬೈತಿ? ಹಿತ್ತಲಕ್ಕ ಹೋಗಿ ಮೂಸಿ ನೋಡು. ಖಾಲಾನ ಶೇಗಡಿ ಯಾರ ತೆಳಗ ಅದ, ಕೇಳು."

ಗುರುಲಿಂಗಮ್ಮ ಹಿತ್ತಲಿಗೆ ಹೋಗಿ ಉಸಿರು ಎಳೆದಳು. ಎರಡು ಬಾಣಂತನ ಮಾಡಿಸಿಕೊಂಡವಳು, ಎರಡು ಬಾಣಂತನ ಮಾಡಿದವಳು. ಆ ವಾಸನೆಗೆ ಅವಳು ಬೇರೆ ಸಾಕ್ಷಿ ಕೇಳಬೇಕಾಗಿರಲಿಲ್ಲ. ಒಳಗೆ ಬಂದು ಟ್ರಂಕು ತೆರೆದಳು. ಅವ್ವ ಕೈಯಾರೆ ಹೊಲಿದು ಕೊಟ್ಟಿದ್ದ ಕೌದಿ ಇರಲಿಲ್ಲ. ಟ್ರಂಕಿನ ಮುಚ್ಚಳ ಬಿದ್ದ ಸದ್ದಿಗೆ ಬೇವಿನ ಮರದ ಕೆಳಗಿನ ಎಮ್ಮೆ ಬೆಚ್ಚಿಬಿದ್ದಿತು.

ಗಂಡ ಉಣ್ಣಲು ಬಂದಾಗ ಅವಳು ತಾಟು ಇಡಲಿಲ್ಲ.

"ನನ್ನ ಕೌದಿ ಎಲ್ಲದ?"

ಚಂದ್ರಾಮಪ್ಪ ಕೆಮ್ಮಿದ. "ಅದಾ... ಬೇಕಾಗಿತ್ತು. ತಗೊಂಡೀನಿ."

"ಆ ಕೊಟ್ಟಿಗ್ಯಾಗ ಏನದ?"

ಒಂದು ಮಾತು ಸಾಕಾಗಿತ್ತು. ಮೋಟಾರು ಕೆಟ್ಟಿದೆ ಎಂದರೆ ಮುಗಿಯುತ್ತಿತ್ತು. ಆದರೆ ಎಮ್ಮೆಯನ್ನು ಹೊರಗೆ ಹಾಕಿ ಒಳಗೆ ಇಟ್ಟ ಮೋಟಾರಿನ ವಿಷಯದಲ್ಲಿ ಹೆಂಡತಿಯ ಮುಂದೆ ಸೋಲುವುದೆಂದರೆ ಗಂಡಸುತನಕ್ಕೆ ಬೆಲೆ ಏನು? ಅವನು ಮೀಸೆ ಮುಟ್ಟಿಕೊಂಡ.

"ಎಳ್ಳಮಾಸಿ ದಿನ ಊರ ಮಂದಿ ಮುಂದ ತೋರಸ್ತೀನಿ. ಅಲ್ಲೀತನಕ ಕೇಳಬ್ಯಾಡ."

ಗುರುಲಿಂಗಮ್ಮ ತವರೂರು ನಾಲವಾರದ ತಮ್ಮನಿಗೆ ಹೇಳಿ ಕಳಿಸಿದಳು: ಬಂಡಿ ತಗೊಂಡು ಬಾ. ನಾ ಈ ಮನ್ಯಾಗ ಇರಂಗಿಲ್ಲ.

ಎಳ್ಳಮಾಸಿಯ ಬೆಳಿಗ್ಗೆ ತಮ್ಮ ಸೂಗಪ್ಪ ಎತ್ತುಗಳನ್ನು ನೊರೆ ಬರುವಂತೆ ಓಡಿಸಿಕೊಂಡು ಬಂದ. ಅವನು ಮಾತಾಡಿದರೆ ಜಗಳವಾಡಿದಂತೆ, ಜಗಳವಾಡಿದರೆ ಊರಿಗೆ ಬೆಂಕಿ ಬಿದ್ದಂತೆ. ಗುರುಲಿಂಗಮ್ಮ ಆಗಲೇ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಓಣಿಯ ಜನ ಹೊಲಕ್ಕೆ ಹೋಗುವುದನ್ನು ಬಿಟ್ಟು ಹಿತ್ತಲಲ್ಲಿ ಸೇರಿದರು. ಭಜ್ಜಿ ಮುಂದಿನ ವರ್ಷವೂ ಸಿಗುತ್ತದೆ, ಇಂಥದ್ದು ಸಿಗುವುದಿಲ್ಲ. ಮಡಿವಾಳಯ್ಯನವರು ವಿಭೂತಿ ತಂದಿದ್ದರು. ಹಣಮಪ್ಪ ಸೂಜಿ ತಂದಿದ್ದ. ಹಸೀನಾಬೇಗಂ ತನ್ನ ಶೇಗಡಿ ಕೇಳಲು ಬಂದಿದ್ದಳು.

"ಮಾಮಾ!" ಸೂಗಪ್ಪ ಬಾಗಿಲಿಗೆ ಗುದ್ದಿದ. "ಹೊರಗ ಬಾ! ನಮ್ಮಕ್ಕ ಬದುಕಿರೂಮುಂದ ಇನ್ನೊಂದು ತಂದಿಯಾ? ತಲಿ ನರತದ, ನಾಚಿಕಿ ಬರಲಿಲ್ಲಾ?"

ಒಳಗೆ ಚಂದ್ರಾಮಪ್ಪ ಇದು ಕೊನೆಯ ಕಾವು ಎಂದು ಎರಡು ಬುಟ್ಟಿ ಇದ್ದಲಿ ಸುರಿದು, ಉಳಿದಿದ್ದ ಸಂದಿಯನ್ನೂ ಮುಚ್ಚಿಕೊಂಡು ಹ್ಯಾಂಡಲ್ ತಿರುಗಿಸುತ್ತಿದ್ದ. ಹೊರಗಿನ ಗದ್ದಲ ಕೇಳಿ, ಜನ ಮೋಟಾರು ನೋಡಲು ಬಂದಿದ್ದಾರೆ ಎಂದುಕೊಂಡ.

"ಸ್ವಲ್ಪ ತಡೀರಿ! ಇನ್ನೇನು ಹೊರಗ ಬರ್ತದ!" ಎಂದು ಕೂಗಿದ. ಆಮೇಲೆ ಹ್ಯಾಂಡಲಿನ ಕಿರುಗುಟ್ಟುವಿಕೆ ನಿಧಾನವಾಯಿತು. ಆಮೇಲೆ ಏನೋ ಧೊಪ್ಪೆಂದು ಬಿತ್ತು. ಆಮೇಲೆ ಏನೂ ಇಲ್ಲ.

"ಅಂಜಿ ಸುಮ್ಮನಾದ," ಎಂದ ಸೂಗಪ್ಪ.

ಗುರುಲಿಂಗಮ್ಮ ಎದ್ದು ನಿಂತಳು. ತನ್ನ ಗಂಡ ಬೈಸಿಕೊಂಡು ಇಷ್ಟು ಹೊತ್ತು ಸುಮ್ಮನಿರುವ ಮನುಷ್ಯನಲ್ಲ ಎಂದು ಅಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಏನ್ರೀ!" ಎಂದಳು. "ಏನ್ರೀ, ಓ ಅನ್ರಿ!" ಓ ಅನ್ನಲಿಲ್ಲ.

ಅವಳು ಗಂಟು ಎಸೆದು, ಬಚ್ಚಲ ಹತ್ತಿರ ಇದ್ದ ಹಾರೆ ಎತ್ತಿಕೊಂಡು ಬಂದು ಬಾಗಿಲು ಮೀಟಿದಳು. ತುಳಿಯುವುದಿಲ್ಲ ಎಂದಿದ್ದ ಹೊಸ್ತಿಲನ್ನು ಬಾಗಿಲಿನ ಸಮೇತ ತುಳಿದು ಒಳಗೆ ನುಗ್ಗಿದಳು. ಒಳಗಿನಿಂದ ಬಿಸಿ ಗಾಳಿ, ಕೆಂಡದ ಕಮಟು ರಪ್ಪೆಂದು ಬಡಿಯಿತು. ಶಾವಕಾರ ಹ್ಯಾಂಡಲ್ ಹಿಡಿದುಕೊಂಡೇ ಬಿದ್ದಿದ್ದ. ಅವಳು ಅವನ ಎರಡು ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದು ಬೇವಿನ ಮರದ ಕೆಳಗೆ ಹಾಕಿ, ಎಮ್ಮೆಯ ಬಾನಿಯ ನೀರನ್ನು ಮುಖಕ್ಕೆ ಸುರಿದಳು. ಹಸೀನಾಬೇಗಂ ಎದೆ ತಿಕ್ಕಿದಳು. "ಅಲ್ಲಾ! ಮುಚ್ಚಿದ ಖೋಲ್ಯಾಗ ಇಷ್ಟು ಕೆಂಡಾ ಯಾರರೆ ಇಡ್ತಾರೇನು? ಬಾಣಂತಿ ಇದ್ರೂ ನಾ ಒಂದು ಸಂದಿ ಬಿಡಸ್ತೀನಿ!"

ಚಂದ್ರಾಮಪ್ಪ ಕೆಮ್ಮಿ ಕಣ್ಣು ಬಿಟ್ಟ.

ಅಷ್ಟರಲ್ಲಿ ಓಣಿಯವರೆಲ್ಲ ಮೋಟಾರಖಾನೆಗೆ ಇಣುಕಿದ್ದರು. ಹಸಿರು ಮೋಟಾರು ಮೈಮೇಲೆ ಕೌದಿ ಹೊದ್ದು, ತಲೆಗೆ ರುಮಾಲು ಕಟ್ಟಿಕೊಂಡು, ಕೆಳಗೆ ಶೇಗಡಿ ಇಟ್ಟುಕೊಂಡು ಕೂತಿತ್ತು. ಹಣಮಪ್ಪ ಸೂಜಿಯನ್ನು ಡಬ್ಬಿಗೆ ಹಾಕಿದ. ಮಡಿವಾಳಯ್ಯನವರು ತುಸು ಯೋಚಿಸಿ, ಬಂದದ್ದು ವ್ಯರ್ಥವಾಗಬಾರದೆಂದು ಮೋಟಾರಿನ ಮೂತಿಗೆ ವಿಭೂತಿ ಎಳೆದರು.

ಗುರುಲಿಂಗಮ್ಮ ತನ್ನ ಕೌದಿಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಸವತಿ ಆಗಿದ್ರ ಎರಡು ರೊಟ್ಟಿನರೆ ಬಡೀತಿದ್ಳು!"

"ಚಾಲೂ ಆಗಲಿಲ್ಲ ಇಕಿ..." ಎಂದ ಚಂದ್ರಾಮಪ್ಪ, ಕೆಸರಿನಲ್ಲಿ ಕೂತು.

"ಇದೊಂದು ಮಾತು ಅಂದು ಅನ್ನಾಕ ಏನಾಗಿತ್ತು? ನಾ ಇಷ್ಟು ದಿನ ಒಂದು ತುತ್ತು ನುಂಗಿಲ್ಲ. ನನ್ನ ಹೊಟ್ಟ್ಯಾಗ ಬೆಂಕಿ ಇಟ್ಟು, ಆ ತಗಡಿನ ತೆಳಗೂ ಬೆಂಕಿ ಇಟ್ರಿ. ಸೂಗಪ್ಪ, ಬಂಡಿ ಹೂಡು."

"ನೀ ಹೋಗಬ್ಯಾಡ. ಏನು ಮಾಡಂತಿ, ಮಾಡ್ತೀನಿ."

ಬಂಡಿ ಹತ್ತಿ ಕೂತವಳು ಸೆರಗು ಸರಿಮಾಡಿಕೊಂಡಳು. "ನನಗ ಅನ್ನಲಾರದ್ದು ಊರಿಗಿ ಅನ್ರಿ. ಬಂಡಿ ಮುಂದ ನಡೀರಿ. ಒಂದೊಂದು ಮನಿ ಮುಂದ ನಿಂತು, ನನ್ನ ಮೋಟಾರು ಕೆಟ್ಟದ ಅಂತ ಒದರ್ರಿ. ಊರ ಬಾಗಿಲಾ, ಆ ಅಗಸಿ ಬರೂದ್ರೊಳಗ ಮುಗಿಸಿದ್ರ ಇಳೀತೀನಿ. ಇಲ್ಲಾ ಅಂದ್ರ ನಾಲವಾರ."

ಚಂದ್ರಾಮಪ್ಪ ಕೆಸರು ಮೆತ್ತಿದ ಧೋತರದಲ್ಲಿ ಎದ್ದ. ಎಲ್ಲರಿಂದ ದಾರಿ ಬಿಡಿಸಿಕೊಳ್ಳಬೇಕು ಎಂದಿದ್ದ ದಿನವೇ ಎತ್ತುಗಳ ಮುಂದೆ ನಡೆಯತೊಡಗಿದ. ಮೊದಲ ಮನೆಯ ಮುಂದೆ ನಿಂತು ಧೋತರದ ಕೆಸರು ಕೊಡವತೊಡಗಿದ. ಹಿಂದಿನಿಂದ ಸೂಗಪ್ಪ ಬಾರುಕೋಲು ಆಡಿಸಿದ. ಎತ್ತಿಗೋ ಭಾವನಿಗೋ ತಿಳಿಯಲಿಲ್ಲ.

"ನನ್ನ ಮೋಟಾರು ಕೆಟ್ಟದ!"

ಬಾಗಿಲಲ್ಲಿ ನಿಂತ ಮುದುಕ ಕಣ್ಣು ಮಿಟುಕಿಸಿದ. "ಹೌದೌದು. ಮೋಟಾರು. ನಾವೂ ಪ್ರಾಯದವರಿದ್ವಿ ಶಾವಕಾರ್ರೆ."

"ಖರೇನೇ ಕೆಟ್ಟದ!" ಎಂದ ಮುಂದಿನ ಮನೆಯಲ್ಲಿ.

"ಬಾಣಂತಿನ್ನ ಹಿತ್ತಲ ಬಾಗಿಲದಿಂದ ಕಾಳಗಿಗಿ ಕಳಿಸಿದ್ರಂತ? ಕೂಸಿಗಿ ಥಂಡಿ ಆಗಿಲ್ಲಲ್ಲ?" ಎಂದಳು ಅಲ್ಲಿಯ ಮುದುಕಿ.

ಒಂದೊಂದು ಮನೆಗೂ ಅವನ ದನಿ ಏರುತ್ತಿತ್ತು. ಹುಟ್ಟಿದಾಗಿನಿಂದ ಚಂದ್ರಾಮಪ್ಪ ಇಷ್ಟು ಶುದ್ಧವಾದ ಸತ್ಯವನ್ನು ಇಷ್ಟು ಜೋರಾಗಿ ಹೇಳಿರಲಿಲ್ಲ, ಯಾರೂ ನಂಬಲಿಲ್ಲ. ಅಗಸಿಯ ಹತ್ತಿರ, ಕಣ್ಣಾರೆ ಎಲ್ಲವನ್ನೂ ನೋಡಿದ ಅಮೃತಮ್ಮನೇ ಜನರನ್ನು ಕೂಡಿಸಿಕೊಂಡು ನಿಂತಿದ್ದಳು. ತಾನೇ ಹಬ್ಬಿಸಿದ ಸುದ್ದಿ ಇಷ್ಟು ಬೇಗ ಸಾಯುವುದು ಅವಳಿಗೆ ಬೇಕಿರಲಿಲ್ಲ.

"ಇರ್ಲಿ ಬಿಡ್ರಿ ಅಣ್ಣಾರ, ಮೋಟಾರೇ ಅನ್ರಿ," ಎಂದಳು ದೊಡ್ಡ ಮನಸ್ಸಿನಿಂದ. "ಗಂಡೋ, ಹೆಣ್ಣೋ, ಅಷ್ಟು ಹೇಳ್ರಿ."

ಚಂದ್ರಾಮಪ್ಪ ತಿರುಗಿ ಬಂಡಿಯ ಕಡೆ ನೋಡಿದ. ಕಣ್ಣಲ್ಲಿ ನೀರು ತುಂಬಿತ್ತು. ಹೊಗೆಯಿಂದ ಬಂದದ್ದು ಎಂದು ಹೇಳಲು ಈಗ ಹೊಗೆಯೂ ಇರಲಿಲ್ಲ.

ಗುರುಲಿಂಗಮ್ಮ ಬಂಡಿಯಿಂದ ಧುಮುಕಿದಳು. ಗಂಡನ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏ ಅಮೃತಿ! ನನ್ನ ಗಂಡನಿಗಿ ನಾ ಏನರೆ ಅಂತೀನಿ, ನೀ ಯಾರ ಅನ್ನಾಕ? ಕೆಟ್ಟದ್ದು ಮೋಟಾರು! ಮೋಟಾರು ಅಂದ್ರ ಮೋಟಾರು! ಇಷ್ಟು ಮಂದಿ ಅದೀರಿ, ನಂಬಲಾರದವರು ಎಲ್ಲಾರೂ ಬರ್ರಿ. ಆ ಮೋಟಾರು ಹೊಲದತನಕ ನೂಕಿ ನೋಡ್ರಿ, ಖರೇನೋ ಸುಳ್ಳೋ ನಿಮಗೇ ಗೊತ್ತಾಗ್ತದ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಿಗೆ ಹೊಲದಲ್ಲಿ ಭಜ್ಜಿ ಆರುತ್ತಿರುವುದು ನೆನಪಾಯಿತು. ಇನ್ನೊಬ್ಬನಿಗೆ ಸೊಂಟ ನೋವು ನೆನಪಾಯಿತು. ಅಮೃತಮ್ಮ ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದಳಂತೆ. ನೂಕುವ ಮಾತು ಬಂದ ಕೂಡಲೇ ಇಡೀ ಊರಿಗೆ ನಂಬಿಕೆ ಬಂತು.